ಆಳಂದದ ಬಸ್ಸಿನಲ್ಲಿ ಹನ್ನಾ ಅರೆಂಟ್

ಹೈಸ್ಕೂಲಿನ ಸಮಾಜ ವಿಜ್ಞಾನ ನೆನಪಿದೆಯಾ? "ಎರಡನೇ ಮಹಾಯುದ್ಧಕ್ಕೆ ಕಾರಣಗಳೇನು? ವಿವರಿಸಿ." ವರ್ಸೇಲ್ಸ್ ಒಪ್ಪಂದ, ಆರ್ಥಿಕ ಕುಸಿತ, ರಾಷ್ಟ್ರಸಂಘದ ವೈಫಲ್ಯ, ಸರ್ವಾಧಿಕಾರಿಗಳ ಉದಯ. ನಾಲ್ಕು ಪಾಯಿಂಟ್ ಬರೆದು ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ನಾಲ್ಕು ಅಂಕ ಗ್ಯಾರಂಟಿ. ನಾನೂ ತಗೊಂಡಿದ್ದೀನಿ. ಆ ನಾಲ್ಕನೇ ಪಾಯಿಂಟಿನ "ಉದಯ" ಅನ್ನೋ ಪದ ಮಾತ್ರ ಬಹಳ ವರ್ಷ ಆದಮೇಲೆ ಚುಚ್ಚೋಕೆ ಶುರುವಾಯಿತು. ಹಿಟ್ಲರ್ ಏನು ಸೂರ್ಯನಾ, ತನ್ನಷ್ಟಕ್ಕೆ ತಾನೇ ಮೇಲೆ ಬರೋಕೆ? ಯಾರೋ ಬಾಗಿಲು ತೆಗೆದಿರಬೇಕಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತಲೇ ಹನ್ನಾ ಅರೆಂಟ್ ಬರೆದ 'ದಿ ಒರಿಜಿನ್ಸ್ ಆಫ್ ಟೋಟಾಲಿಟೇರಿಯನಿಸಂ' ಕೈಗೆತ್ತಿಕೊಂಡೆ. 1951ರ ಪುಸ್ತಕ. ಬರೆದಾಕೆ 1933ರಲ್ಲಿ ಜರ್ಮನಿ ಬಿಟ್ಟು ಓಡಿಬಂದ ಯಹೂದಿ. ದಪ್ಪ ಪುಸ್ತಕ, ಸಲೀಸಾಗಿ ಓದಿಸಿಕೊಂಡು ಹೋಗಲ್ಲ. ಬೆಂಗಳೂರಿನ ಮೆಟ್ರೋದಲ್ಲಿ ಎರಡು ತಿಂಗಳು ಹೊತ್ತು ತಿರುಗಿದರೂ ನೂರು ಪುಟ ದಾಟಿರಲಿಲ್ಲ. ಸೆಪ್ಟೆಂಬರಿನಲ್ಲಿ ಊರಿಗೆ ಹೊರಟಾಗ ಬ್ಯಾಗಿಗೆ ಹಾಕಿಕೊಂಡೆ. ಕಲಬುರಗಿಯಲ್ಲಿ ರೈಲು ಇಳಿದು ಆಳಂದದ ಬಸ್ ಹತ್ತಿ ಕೂತಾಗ ಮತ್ತೆ ತೆರೆದೆ. ಅವತ್ತು ಸೆಪ್ಟೆಂಬರ್ 17.

ಬೆಂಗಳೂರಿನ ಗೆಳೆಯರಿಗೆ ಈ ತಾರೀಖು ಹೇಳಿದರೆ ಮುಖ ಮುಖ ನೋಡ್ತಾರೆ. ನಮ್ಮ ಕಡೆಯ ಬಗ್ಗೆ ಅವರಿಗೆ ಗೊತ್ತಿರೋದು ತೊಗರಿಬೇಳೆ, ಬಿಸಿಲು, 371(ಜೆ) ಇಷ್ಟೇ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು. ಆಳಂದ, ಅಫಜಲಪುರ, ಜೇವರ್ಗಿಗೆ ಬರಲಿಲ್ಲ. ಮೂರೂ ಹೈದರಾಬಾದ್ ನಿಜಾಮನ ರಾಜ್ಯದ ಗಡಿ ತಾಲ್ಲೂಕುಗಳು. ಆಚೆ ಕಡೆ ಅಕ್ಕಲಕೋಟೆ, ಇಂಡಿ, ಸಿಂದಗಿ. ಈಚೆ ಕಡೆ ಕರೋಡಗಿರಿ ನಾಕಾ, ಬೇರೆ ನಾಣ್ಯ, ಬೇರೆ ಅಂಚೆ ಚೀಟಿ. ನಮಗೆ ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು. ಆ ಹದಿಮೂರು ತಿಂಗಳಿಗೆ ನಮ್ಮ ಮನೆಗಳಲ್ಲಿ ಇರೋ ಹೆಸರು "ರಜಾಕಾರರ ಹಾವಳಿ".

ಬಸ್ ನಿಂತ ಒಂದು ಊರಿನಲ್ಲಿ ಧ್ವಜಾರೋಹಣ ಮುಗಿದು ಮೈಕಿನಲ್ಲಿ ಭಾಷಣ ನಡೀತಿತ್ತು. "ಖಾಸಿಂ ರಜ್ವಿ ನಮ್ಮ ಭಾಗದ ಹಿಟ್ಲರ್ ಇದ್ದಾಂಗ!" ಚಪ್ಪಾಳೆ. ತೊಡೆ ಮೇಲೆ ಅರೆಂಟ್, ಕಿವಿಯಲ್ಲಿ ಹಿಟ್ಲರ್. ಈ ಬರಹ ಹುಟ್ಟಿದ್ದು ಅಲ್ಲಿ.

ರಜ್ವಿ ಹಿಟ್ಲರಾ? ಅರೆಂಟಳ ಲೆಕ್ಕದಲ್ಲಿ ಖಂಡಿತ ಅಲ್ಲ. ಆಕೆ ಬಹಳ ಕಟ್ಟುನಿಟ್ಟು. ನಾವು ಕನ್ನಡದಲ್ಲಿ "ಸರ್ವಾಧಿಕಾರ" ಅನ್ನೋ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿಬಿಡ್ತೀವಿ. ಆಕೆ ಬೇರೆ ಮಾಡ್ತಾಳೆ. ಒಬ್ಬ ದೊರೆ ಹೇಳಿದ್ದೇ ಕಾನೂನು ಅನ್ನೋದು ಒಂದು ಬಗೆ. ಮನುಷ್ಯನ ಮನೆ, ಮನಸ್ಸು, ಗೆಳೆತನ ಎಲ್ಲದರೊಳಗೂ ಪಕ್ಷ ಹೊಕ್ಕು ಕೂರೋದು ಇನ್ನೊಂದು. ಎರಡನೆಯದಕ್ಕೆ ಆಕೆ ಒಪ್ಪೋದು ಹಿಟ್ಲರನ ಜರ್ಮನಿ, ಸ್ಟಾಲಿನ್‌ನ ರಷ್ಯಾ ಎರಡನ್ನೇ. ಮುಸೊಲಿನಿಗೂ 1938ರವರೆಗೆ ಆ ಸರ್ಟಿಫಿಕೇಟ್ ಇಲ್ಲ! ಅದಕ್ಕೆ ದೊಡ್ಡ ಜನಸಂಖ್ಯೆ ಬೇಕು ಅನ್ನೋದು ಆಕೆಯ ವಾದ. ಒಂದೂವರೆ ಕೋಟಿ ಚಿಲ್ಲರೆ ಜನರ, ಹೆಚ್ಚುಕಡಿಮೆ ಶೇ. 40ರಷ್ಟು ನೆಲ ಜಾಗೀರು ಮತ್ತು ನಿಜಾಮನ ಸ್ವಂತ ಆಸ್ತಿಯಾಗಿದ್ದ ಹೈದರಾಬಾದ್ ಆ ಪಟ್ಟಿಯ ಹತ್ತಿರಕ್ಕೂ ಬರಲ್ಲ. ಅಲ್ಲಿ ಸಭೆ ಸೇರೋಕೂ 'ಗಸ್ತಿ ನಿಶಾನ್ 53' ಅನ್ನೋ ಆದೇಶದ ಪ್ರಕಾರ ಮೊದಲೇ ಪರ್ಮಿಶನ್ ಬೇಕಿತ್ತು ನಿಜ. ಆದರೆ ಅದು ಹಳೇ ಕಾಲದ ದೊರೆಗಿರಿ.

ಹಾಗಂತ ಭಾಷಣಕಾರರು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಅರೆಂಟಳ ಪುಸ್ತಕದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಗಲಭೆಕೋರರ ಗುಂಪಿಗೂ ಗಣ್ಯರಿಗೂ ಆಗೋ ದೋಸ್ತಿಯ ಬಗ್ಗೆ ಆಕೆ ಬರೆದದ್ದು. ಅದನ್ನು ಹಿಡಕೊಂಡು ಮೂರು ತಾರೀಖು ನೋಡೋಣ.

1922ರ ಅಕ್ಟೋಬರ್ 28. ಮುಸೊಲಿನಿಯ ಕಪ್ಪಂಗಿಯವರು ರೋಮಿನ ಕಡೆ ಹೊರಟಿದ್ದಾರೆ. ಪ್ರಧಾನಿ ಸೈನಿಕ ಕಾನೂನಿನ ಆದೇಶ ಸಿದ್ಧ ಮಾಡಿ ಸಹಿಗೆ ಇಡ್ತಾನೆ. ರಾಜ ವಿಕ್ಟರ್ ಇಮ್ಯಾನುಯೆಲ್ ಸಹಿ ಮಾಡಲ್ಲ. ಎರಡು ದಿನದಲ್ಲಿ ಮುಸೊಲಿನಿ ಪ್ರಧಾನಿ.

1933ರ ಜನವರಿ 30. ಸುಮಾರು ಮೂರು ತಿಂಗಳ ಹಿಂದಿನ ಚುನಾವಣೆಯಲ್ಲಿ ನಾಜಿಗಳ ಮತ ಶೇ. 37ರಿಂದ 33ಕ್ಕೆ ಇಳಿದಿದೆ. ಇಳಿದಿದೆ, ಗಮನಿಸಿ. ಬೀಳ್ತಾ ಇದ್ದವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್, ಪಾಪೆನ್ ಮತ್ತು ಅವರ ಸುತ್ತಲಿನ ಮರ್ಯಾದಸ್ಥರು. ಸಂಪುಟದಲ್ಲಿ ನಾಜಿಗಳು ಮೂರೇ ಜನ, ನಾವು ಇವನನ್ನು ಹದ್ದುಬಸ್ತಿನಲ್ಲಿ ಇಡ್ತೀವಿ ಅನ್ನೋ ಲೆಕ್ಕ ಅವರದು.

ಇನ್ನು 1947ರ ಅಕ್ಟೋಬರ್ 27, ಹೈದರಾಬಾದ್. ಭಾರತದ ಜೊತೆ ಒಂದು ಯಥಾಸ್ಥಿತಿ ಒಪ್ಪಂದಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೂಂ ಅಂದಾಗಿದೆ. ನಿಯೋಗ ದಿಲ್ಲಿಗೆ ಹಾರಬೇಕು. ನಸುಕಿನಲ್ಲಿ ಸಾವಿರಾರು ಜನ ಬಂದು ಪ್ರಧಾನಿ ಛತ್ತಾರಿ ನವಾಬ, ಸಲಹೆಗಾರ ವಾಲ್ಟರ್ ಮಾಂಕ್ಟನ್, ಸುಲ್ತಾನ್ ಅಹ್ಮದ್ ಇವರ ಮನೆಗಳಿಗೆ ಮುತ್ತಿಗೆ ಹಾಕಿದರು. ಹಿಂದೆ ಇದ್ದದ್ದು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಅಧ್ಯಕ್ಷ, ಲಾತೂರಿನ ವಕೀಲ ಖಾಸಿಂ ರಜ್ವಿ. ನಿಜಾಮನಿಗೆ ಸ್ವಂತ ಸೈನ್ಯ ಇತ್ತು, ಪೊಲೀಸರು ಇದ್ದರು. ಆದರೂ ಆತ ಗುಂಪನ್ನು ಚದುರಿಸುವ ಬದಲು ರಜ್ವಿಯ ಮಾತು ಕೇಳಿ ಮನಸ್ಸು ಬದಲಾಯಿಸಿದ. ಛತ್ತಾರಿ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳು ಮೀರ್ ಲಾಯಕ್ ಅಲಿ ಪ್ರಧಾನಿ. ತಮಾಷೆ ಏನಂದರೆ ನವೆಂಬರ್ 29ಕ್ಕೆ ನಿಜಾಮ ಸಹಿ ಹಾಕಿದ್ದು ಹೆಚ್ಚುಕಡಿಮೆ ಅದೇ ಒಪ್ಪಂದಕ್ಕೆ. ಒಪ್ಪಂದ ಬದಲಾಗಲಿಲ್ಲ, ರಾಜ್ಯ ಯಾರ ಕೈಯಲ್ಲಿದೆ ಅನ್ನೋದು ಬದಲಾಯಿತು.

ರೋಮಿನ ಆ ದಿನಕ್ಕೂ ಹೈದರಾಬಾದಿನ ಈ ದಿನಕ್ಕೂ ಇಪ್ಪತ್ತೈದು ವರ್ಷಕ್ಕೆ ಒಂದೇ ದಿನ ಕಮ್ಮಿ. ಎರಡೂ ಕಡೆ ಹೆದರಿದ ದೊರೆ, ಎರಡೂ ಕಡೆ ಬೀದಿಯ ದಂಡು. ಆದ್ದರಿಂದ ರಜ್ವಿಯ ಹೆಸರು ಒಂದನ್ನೇ ಕೂಗಿ ಮುಗಿಸೋ ಭಾಷಣ ನನಗೆ ಅರ್ಧ ಭಾಷಣ. ರಜ್ವಿ ಜೈಲಿಗೆ ಹೋದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮ? 1950ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖ! ವಿಕ್ಟರ್ ಇಮ್ಯಾನುಯೆಲ್ ಕೂಡ 1946ರವರೆಗೆ ಸಿಂಹಾಸನದ ಮೇಲೇ ಇದ್ದ ಬಿಡಿ. ಬಾಗಿಲು ತೆಗೆದವರಿಗೆ ಪಿಂಚಣಿ ಗಟ್ಟಿ.

ಬಡವರು ಯಾಕೆ ಈ ದಂಡಿಗೆ ಸೇರಿದರು ಅನ್ನೋದಕ್ಕೂ ನಮ್ಮಲ್ಲಿ ಒಂದು ಉತ್ತರ ಇದೆ, ಪಠ್ಯಪುಸ್ತಕ ಅದನ್ನು ಹೇಳಲ್ಲ. ರಜ್ವಿಗಿಂತ ಮುಂಚೆ ಮಜ್ಲಿಸ್ ಕಟ್ಟಿದ ಬಹಾದೂರ್ ಯಾರ್ ಜಂಗ್ 'ಅನಲ್ ಮಲಿಕ್' ಅನ್ನೋ ಮಾತನ್ನು ಹರಡಿದ್ದರು. ನಾನೇ ದೊರೆ ಅಂತ ಅರ್ಥ. ನಿಜಾಮ ಬರೀ ಸಂಕೇತ, ಈ ರಾಜ್ಯದ ಪ್ರತಿಯೊಬ್ಬ ಮುಸ್ಲಿಮನೂ ದೊರೆ. ಈಗ ಆಳಂದದಲ್ಲೋ ಜೇವರ್ಗಿಯಲ್ಲೋ ಇದ್ದ ಒಬ್ಬ ಬಡ ಜವಾನನನ್ನು ಕಲ್ಪಿಸಿಕೊಳ್ಳಿ. ಹೊಲ ಇಲ್ಲ, ಸಾಲ ಇದೆ, ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲಬೇಕು. ಅವನಿಗೆ ಯಾರೋ ಬಂದು ನೀನೇ ದೊರೆ ಅಂತಾರೆ. ಜರ್ಮನಿಯಲ್ಲಿ 1932ರಲ್ಲಿ ಅರವತ್ತು ಲಕ್ಷ ಜನ ನಿರುದ್ಯೋಗಿಗಳಿದ್ದರು. ಅವರಿಗೆ ನೀನು ಆರ್ಯ ಅಂತ ಹೇಳಿದ ಹಾಗೆ. ಹೊಟ್ಟೆ ತುಂಬಲ್ಲ, ಎದೆ ಉಬ್ಬುತ್ತೆ. ಒಪ್ಪದ ಮುಸ್ಲಿಮರೂ ಇದ್ದರು. ಭಾರತ ಸೇರೋಣ ಅಂತ ಬರೆದ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು 1948ರ ಆಗಸ್ಟಿನಲ್ಲಿ ಕೊಂದು ಹಾಕಿದರು. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅವರ ಹೆಸರು ನಾನು ಕೇಳಿದ್ದು ಕಮ್ಮಿ.

ಇಲ್ಲಿವರೆಗೆ ಅರೆಂಟ್ ನನ್ನ ಜೊತೆ ಬಸ್ಸಿನಲ್ಲಿ ಆರಾಮಾಗಿ ಕೂತಿದ್ದಳು. ಮನೆ ಬಂದಮೇಲೆ ಜಗಳ ಶುರು.

ಸರ್ವಾಧಿಕಾರದ ಬೇರು ಒಂಟಿತನದಲ್ಲಿದೆ ಅನ್ನೋದು ಆಕೆಯ ಇನ್ನೊಂದು ದೊಡ್ಡ ಮಾತು. ಯಾರಿಗೂ ಸೇರದ, ಯಾರ ಜೊತೆಗೂ ಬೆಸೆದುಕೊಳ್ಳದ ಸಾಮೂಹಿಕ ಮನುಷ್ಯ. ಬೆಂಗಳೂರಿನ ಪಿಜಿಯಲ್ಲಿ ಕೂತು ಓದಿದಾಗ ಅಬ್ಬಾ, ಎಂಥಾ ಮಾತು ಅನಿಸಿತ್ತು. ನಮ್ಮ ಊರ ಕಟ್ಟೆ ಮೇಲೆ ಕೂತು ಓದಿದರೆ ಅದು ನಿಲ್ಲಲ್ಲ. ನಮ್ಮಲ್ಲಿ ಯಾರು ಒಂಟಿ? ಉರುಸಿಗೆ ಎಲ್ಲರೂ ಸಕ್ಕರೆ ಓದಿಸಿದವರು, ಜಾತ್ರೆಯ ತೇರು ಎಲ್ಲರೂ ಎಳೆದವರು.

ನಮ್ಮ ಆಯಿಯ ತವರು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಹಳ್ಳಿ. ಹಾವಳಿಯ ಕಾಲಕ್ಕೆ ಆಕೆ ಹತ್ತು ವರ್ಷದ ಹುಡುಗಿ. ಸಾವಿರ ಸಲ ಹೇಳಿದ ಕತೆ. "ಬ್ಯಾಸಿಗ್ಯಾಗ ಹೊಳಿ ಬತ್ತಿತ್ತು ತಮ್ಮಾ, ರಾತ್ರಿ ನಡಕೋತ ದಾಟಿದ್ವಿ. ಆಚೀಕಡಿ ಅಂದ್ರ ಬ್ಯಾರೆ ರಾಜ್ಯಾ, ಬ್ಯಾರೆ ರೊಕ್ಕ." ಆಮೇಲೆ ದನಿ ಇಳಿಸಿ, "ಬಂದವ್ರು ಹೊರಗಿನವ್ರು ಖರೆ, ಆದ್ರ ಮುಂದ ನಿಂತು ಮನಿ ತೋರಿಸಿದವ ನಮ್ಮ ಓಣ್ಯಾವನ ಇದ್ದ" ಅನ್ನೋಳು.

ಓಣಿಯವನೇ. ಅಪರಿಚಿತ ಅಲ್ಲ, ಒಂಟಿ ಅಲ್ಲ. ಯಾರ ಮನೆಯಲ್ಲಿ ಜೋಳದ ಹಗೇವು ಎಲ್ಲಿದೆ ಅಂತ ಗೊತ್ತಿದ್ದವನು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೇಲೆ ಹೊಕ್ಕಿತು. 17ಕ್ಕೆ ನಿಜಾಮ ಶರಣಾದ. ಆಯಿಯ ಕತೆಯೂ ಅಲ್ಲಿಗೇ ನಿಲ್ಲೋದು. "ಪೊಲೀಸ್ ಆ್ಯಕ್ಷನ್ ಆತು, ತಿರುಗಿ ಬಂದ್ವಿ." ಮನೆ ತೋರಿಸಿದವನು ಎಲ್ಲಿ ಹೋದ ಆಯಿ? "ಹೋದ." ಅವರ ಮನೆಯವರು? "ಹೋದ್ರು." ಅಷ್ಟೇ. ಆ ಒಂದು ಶಬ್ದ ದಾಟಿ ಆಕೆ ಯಾವತ್ತೂ ಮುಂದೆ ಹೋಗಲಿಲ್ಲ.

ಮುಂದೆ ಹೋದದ್ದು ಪಂಡಿತ್ ಸುಂದರಲಾಲ್ ಸಮಿತಿಯ ವರದಿ. ನೆಹರೂ ಸರ್ಕಾರ 1948ರ ಕೊನೆಯಲ್ಲಿ ಕಳಿಸಿದ ಸಮಿತಿ ಅದು. ವರದಿ ದಶಕಗಟ್ಟಲೆ ಕಪಾಟಿನಲ್ಲೇ ಇತ್ತು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅದರ ಅಂದಾಜು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಗುಲ್ಬರ್ಗಾ ಅಂದರೆ ನಾವೇ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಸೇರಿ. ಅದೇ ವರದಿಯಲ್ಲಿ ಇನ್ನೊಂದು ವಿಷಯ ಇದೆ: ಎಷ್ಟೋ ಕಡೆ ಹಿಂದೂಗಳೇ ಮುಸ್ಲಿಂ ನೆರೆಯವರನ್ನು ಕಾಪಾಡಿದರು, ಒಂದೇ ಕಸುಬಿನವರಲ್ಲಿ ಇದು ಹೆಚ್ಚಿತ್ತು, ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತರು. ಕೊಂದವರೂ ಗುರುತಿನವರು, ಉಳಿಸಿದವರೂ ಗುರುತಿನವರು. ಅರೆಂಟಳ ಒಂಟಿ ಮನುಷ್ಯನಿಂದ ಇದು ಯಾವುದೂ ನನಗೆ ಅರ್ಥ ಆಗಲ್ಲ. ಆಕೆ ಕ್ಯಾಂಪುಗಳನ್ನು ಕಂಡಳು, ರೈಲುಗಳನ್ನು ಕಂಡಳು, ಕಡತಗಳನ್ನು ಕಂಡಳು. ಓಣಿಯನ್ನು ಕಾಣಲಿಲ್ಲ.

ನಮ್ಮವರು ಬರೆದ ಪುಸ್ತಕಗಳಾದರೂ ಕಂಡವಾ? ಭಾರತದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿ ಒಂದು ಪುಸ್ತಕ ಬರೆದರು, ಲಾಯಕ್ ಅಲಿ ಇನ್ನೊಂದು ಬರೆದರು. ಒಬ್ಬರ ಖಳನಾಯಕ ಇನ್ನೊಬ್ಬರ ನಾಯಕ, ಆದರೆ ಇಬ್ಬರದೂ ದರ್ಬಾರಿನ ಕತೆ, ದಿಲ್ಲಿ–ಹೈದರಾಬಾದ್ ನಡುವಿನ ಕತೆ. ಭೀಮಾ ದಂಡೆಗೆ ಇಬ್ಬರೂ ಇಳಿಯಲ್ಲ.

ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಆಯಿ ಮದುವೆಯಾಗಿ ಆಳಂದ ತಾಲ್ಲೂಕಿಗೆ ಬಂದಾಗ ತವರಿನಿಂದ ತಂದದ್ದು. ಕಂಠದ ಸುತ್ತ ಒಂದು ಸಾಲು ಚುಕ್ಕೆ ಚುಕ್ಕೆ ಕೆತ್ತನೆ. ಚಿಕ್ಕಂದಿನಲ್ಲಿ ಅದನ್ನು ಬಳ್ಳಿಯ ಡಿಸೈನ್ ಅಂದುಕೊಂಡಿದ್ದೆವು. ಈ ಸಲ ಹುಣಸೆಹಣ್ಣು ಹಾಕಿ ಉಜ್ಜಿ, ಫೋಟೋ ತೆಗೆದು, ಆಫೀಸಿನ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಅವನು ಜೇವರ್ಗಿಯವನು, ಏಳನೇವರೆಗೆ ಉರ್ದು ಮೀಡಿಯಂ. ಹತ್ತು ನಿಮಿಷಕ್ಕೆ ಉತ್ತರ ಬಂತು. ಒಬ್ಬರ ಹೆಸರು, ಅವರ ತಂದೆಯ ಹೆಸರು, ಊರಿನ ಹೆಸರು. ಊರು ಆಯಿಯ ತವರೇ. ಹೆಸರುಗಳನ್ನು ಇಲ್ಲಿ ಬರೆಯಲ್ಲ.

ಹಂಡೆ ನಮ್ಮ ಮನೆಗೆ ಹೇಗೆ ಬಂತು ಅಂತ ನನಗೆ ಗೊತ್ತಿಲ್ಲ. ಹೋಗುವಾಗ ಇಟ್ಟುಕೊಂಡಿರಿ ಅಂತ ಕೊಟ್ಟು ಹೋಗಿರಬಹುದು. ದುಡ್ಡು ಕೊಟ್ಟು ತಗೊಂಡಿರಬಹುದು. ಬೇರೆ ರೀತಿಯಲ್ಲೂ ಬಂದಿರಬಹುದು. ಆಯಿ ತೀರಿಕೊಂಡು ಆರು ವರ್ಷ ಆಯಿತು. ಅಮ್ಮನನ್ನು ಕೇಳಿದರೆ, "ನಿನಗ್ಯಾಕ ಬೇಕೋ ಅದೆಲ್ಲ, ನೀರ್ ಕಾದಾವ, ಜಳಕಾ ಮಾಡು ಹೋಗು" ಅಂದಳು.

ಗೆಳೆಯ ಕೇಳಿದ, "ಯಾರ ಮನೇದು ಇದು?"

ನಮ್ಮ ಮನೇಲಿದೆ ಅಂತ ಟೈಪ್ ಮಾಡಿದೆ. ಸ್ವಲ್ಪ ಹೊತ್ತು ಎರಡು ನೀಲಿ ಟಿಕ್ ಮಾತ್ರ. ಆಮೇಲೆ ಬರೆದ: "ಅಬ್ಬಾಗೆ ಆ ಕಡೆ ಊರು ಎಲ್ಲಾ ಗೊತ್ತು. ಆ ಮನೆತನದವರು ಯಾರಾದ್ರೂ ಇದ್ದಾರಾ ಅಂತ ಭಾನುವಾರ ಕೇಳ್ತೀನಿ."