ನಾಗಪ್ಪ ಗಂಡನಾಗಬಹುದು, ಮೋಹಿನಿ ಹೆಂಡತಿಯಾಗಬಾರದೇಕೆ?

ಪಂಚಮಿ ಬಂತೆಂದರೆ ಬೇವೂರು, ಇಳಕಲ್ಲು, ಬಾದಾಮಿ ಕಡೆಯ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜೋಕಾಲಿ, ಶೇಂಗಾದುಂಡಿ, ಅಳ್ಳಿಟ್ಟಿನ ಸಡಗರದ ನಡುವೆ ಹುತ್ತಕ್ಕೆ ಹಾಲೆರೆಯುತ್ತ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರನ್ನೂ ನೆನೆಯುತ್ತಾರೆ. ಇಲ್ಲಿ ನಾಗಪ್ಪ ತವರಿನ ಕಡೆಯವನು. ಆ ನಾಗಪ್ಪನನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಹೆಣ್ಣಿನ ಮಂಚಕ್ಕೆ ಕರೆತಂದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ನಾಟಕದ ಬೇರು. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದಾಗ ಗೋಪಾಲ ವಾಜಪೇಯಿಯವರ ಸಂಭಾಷಣೆ ನಮ್ಮ ಕಡೆಯ ಮಾತನ್ನೇ ಪಾತ್ರಗಳ ಬಾಯಿಗೆ ಕೊಟ್ಟಿತು.

ನಾಟಕದ ಅಪ್ಪಣ್ಣ ಎಳೆಯ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಮಧ್ಯಾಹ್ನ ಉಣ್ಣಲಿಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನ ರೂಪದಲ್ಲಿ ಬರುವ ನಾಗ ಅಕ್ಕರೆಯಿಂದ ಮಾತಾಡುತ್ತಾನೆ. ಆದರೆ ಅವನೂ ಏನನ್ನೂ ಕೇಳಬೇಡ ಅನ್ನುತ್ತಾನೆ. ಹಗಲಿನವನು ಬಾಗಿಲಿಗೆ ಬೀಗ ಹಾಕಿದರೆ, ರಾತ್ರಿಯವನು ಬಾಯಿಗೆ ಹಾಕಿದ.

ಹದಿಹರೆಯದವರಿಗಾಗಿ ಅಮೆರಿಕದ ಸ್ಟೆಫನಿ ಮೇಯರ್ 2005ರಿಂದ 2008ರವರೆಗೆ ಬರೆದ ನಾಲ್ಕು ‘ಟ್ವೈಲೈಟ್’ ಕಾದಂಬರಿಗಳೂ ಇದೇ ದಾರಿಯವು. 1901ರಲ್ಲಿ ಹುಟ್ಟಿ ಹದಿನೇಳರಲ್ಲೇ ನಿಂತುಹೋದ ರಕ್ತಪಿಪಾಸು ಎಡ್ವರ್ಡ್, ಹದಿನೇಳರ ಬೆಲ್ಲಾಳ ಕೋಣೆಗೆ ಅವಳಿಗೆ ತಿಳಿಯದಂತೆ ನುಗ್ಗಿ, ಮಲಗಿದವಳನ್ನು ನೋಡುತ್ತ ಕೂರುತ್ತಾನೆ. ಊರ ಹುಡುಗನೊಬ್ಬ ಹೀಗೆ ಮಾಡಿದ್ದರೆ ಪಂಚಾಯ್ತಿ ಸೇರುತ್ತಿತ್ತು. ಕಾದಂಬರಿ ಅದನ್ನು ಪ್ರೇಮ ಅನ್ನುತ್ತದೆ. ಬೆಲ್ಲಾಳಿಗೆ ಶಕ್ತಿ ಬರುವುದು ಮದುವೆ, ಹೆರಿಗೆ ಮುಗಿದ ಮೇಲೆ. ರಾಣಿಯೂ ಬಸಿರಾಗಿ, ತಾನು ಪತಿವ್ರತೆಯೆಂದು ಹಾವು ಹಿಡಿದು ಆಣೆ ಮಾಡಿದ ಮೇಲೆಯೇ ದೇವಿಯಾಗುತ್ತಾಳೆ. ಅಪ್ಪಣ್ಣನ ಸೂಳೆಯಾಗಿದ್ದವಳ ಪಾಲಿಗೆ ಅದೇ ಮನೆಯ ಚಾಕರಿ.

ಆದರೂ ಕಾರ್ನಾಡ, ಮೇಯರ್ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾರ್ನಾಡರ ರಾಣಿಗೆ ಕೊನೆಗೆ ನಿಜ ಹೊಳೆಯುತ್ತದೆ. ಒಂದು ಮುಕ್ತಾಯದಲ್ಲಿ ಅವಳು ನಾಗನನ್ನು ತಲೆಗೂದಲಲ್ಲಿ ಬಚ್ಚಿಟ್ಟುಕೊಂಡು ಸಂಸಾರ ಮಾಡುತ್ತಾಳೆ. ಪಾತಿವ್ರತ್ಯದ ಪರೀಕ್ಷೆಯನ್ನೇ ನಾಟಕ ಹೀಗೆ ನಗೆಪಾಟಲು ಮಾಡುತ್ತದೆ. ಮೇಯರ್ ತಮ್ಮ ನಾಯಕನನ್ನು ಎಲ್ಲಿಯೂ ಇಷ್ಟು ಗಟ್ಟಿಯಾಗಿ ಪ್ರಶ್ನಿಸುವುದಿಲ್ಲ.

ಇನ್ನು ಅತಿಮಾನುಷ ಶಕ್ತಿ ಹೆಣ್ಣಿನದಾದರೆ ಕಥೆಯ ನ್ಯಾಯವೇ ಬದಲು. ‘ನಾ ನಿನ್ನ ಬಿಡಲಾರೆ’ (1979) ಸಿನಿಮಾದಲ್ಲಿ ಗಂಡಸಿನ ಮೈಹೊಕ್ಕ ಕಾಮಿನಿಯ ದೆವ್ವವನ್ನು ಬಿಡಿಸಲು ಹೆಂಡತಿಯ ಭಕ್ತಿಯೇ ಬೇಕು. ‘ಆಪ್ತಮಿತ್ರ’ದ (2004) ನಾಗವಲ್ಲಿಯ ಪ್ರಿಯಕರನನ್ನು ರಾಜ ಕೊಂದ, ಅವಳನ್ನು ಸುಟ್ಟ. ಅವಳ ದೂರು ನ್ಯಾಯದ್ದೇ. ಆದರೆ ಅವಳು ಗಂಗಾ ಎಂಬ ಗೃಹಿಣಿಗೆ ಬಂದ ರೋಗವಾಗುತ್ತಾಳೆ, ವೈದ್ಯ ವಾಸಿಮಾಡುತ್ತಾನೆ, ಗಂಗಾ ಮತ್ತೆ ಒಳ್ಳೆಯ ಹೆಂಡತಿಯಾಗುತ್ತಾಳೆ. ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ದಲ್ಲಿ ರಕ್ತಪಿಪಾಸುವಾದ ಲೂಸಿಯ ಎದೆಗೆ ಗೂಟ ಹೊಡೆಯುವ ಕೆಲಸವನ್ನು ಅವಳನ್ನು ಮದುವೆಯಾಗಬೇಕಿದ್ದವನಿಗೇ ವಹಿಸಿದ್ದ.

ಆಸೆಪಟ್ಟು ಬಂದ ಗಂಡು ನಾಗನಾದರೂ ಪ್ರೇಮಿ. ಆಸೆಪಟ್ಟು ಬಂದ ಹೆಣ್ಣು ಬಿಡಿಸಬೇಕಾದ ಗಾಳಿ. ಈ ಪರಂಪರೆಯ ದೊಡ್ಡ ಊನ ಇದು. 1997ರಲ್ಲಿ ಶುರುವಾದ ಅಮೆರಿಕದ ‘ಬಫಿ’ ಧಾರಾವಾಹಿ ಶಾಲಾ ಹುಡುಗಿಯ ಕೈಗೇ ಗೂಟ ಕೊಟ್ಟು ಬೇರೆ ದಾರಿ ತೋರಿಸಿತ್ತು. ಮೇಯರ್ ಅದನ್ನು ಹಿಡಿಯಲಿಲ್ಲ.

ಮಗಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಜೊತೆಗೆ ಕೂತು ಓದಿ. ‘ಒಲ್ಲೆ’ ಅನ್ನಲು ಕಥೆ ತನ್ನ ನಾಯಕಿಗೆ ಎಲ್ಲಾದರೂ ಜಾಗ ಕೊಟ್ಟಿದೆಯೇ ಎಂದು ಅವಳನ್ನೇ ಕೇಳಿ.