ಡೋಗ್ರರು, ಹೈಲ್ಯಾಂಡರರು, ಒಂದು ನಾಯಿ

ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿ ಮೊದಲ ಮಹಾಯುದ್ಧದ ಒಂದು ಫೋಟೋ ಇದೆ. ಅದರ ಅಡಿಬರಹವನ್ನು ಕನ್ನಡಕ್ಕೆ ತಂದರೆ ಇಷ್ಟು: ‘ಕಂದಕದಲ್ಲಿ ಹೈಲ್ಯಾಂಡರರು ಮತ್ತು ಡೋಗ್ರರು, ನಾಯಿಯೊಡನೆ. ಫೋಕಿಸಾರ್, ಫ್ರಾನ್ಸ್. ಛಾಯಾಗ್ರಾಹಕ: ಎಚ್. ಡಿ. ಗರ್ಡ್‌ವುಡ್.’ ತೆಗೆದದ್ದು 1915ರ ಆಗಸ್ಟ್‌ನಲ್ಲಿ.

‘ಕಂದಕದಲ್ಲಿ’: ಫೋಕಿಸಾರ್ ಸುತ್ತಲಿನದು ತಗ್ಗು ಬಯಲು, ಸ್ವಲ್ಪ ಅಗೆದರೆ ಸಾಕು ನೀರು. ಅದಕ್ಕೇ ಅಲ್ಲಿ ಕಂದಕವನ್ನು ತೋಡುವುದಕ್ಕಿಂತ ಕಟ್ಟಿದ್ದೇ ಹೆಚ್ಚು. ಮಣ್ಣು ತುಂಬಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಎದೆಯೆತ್ತರದ ಗೋಡೆ ಏರಿಸಬೇಕು. ಚೀಲ ಹರಿದು ಮಣ್ಣು ಸೋರಿದರೆ ಕತ್ತಲಾದ ಮೇಲೆ ಮತ್ತೆ ಒಟ್ಟಬೇಕು. ಹಗಲಲ್ಲಿ ತಲೆ ಎತ್ತಿದರೆ ಗುಂಡು.

‘ಹೈಲ್ಯಾಂಡರರು ಮತ್ತು’: ಸ್ಕಾಟ್ಲೆಂಡಿನವರೂ ಭಾರತೀಯರೂ ಒಂದೇ ಗೋಡೆಯ ಮರೆಯಲ್ಲಿ ನಿಂತದ್ದು ಆಕಸ್ಮಿಕವಲ್ಲ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇ ಬಂದರಿನಲ್ಲಿ ಇಳಿಯತೊಡಗಿದ ಇಂಡಿಯನ್ ಕೋರ್‌ನ ಬ್ರಿಗೇಡುಗಳಲ್ಲಿ ಸಾಮಾನ್ಯವಾಗಿ ಮೂರು ಭಾರತೀಯ ಬೆಟಾಲಿಯನ್ನುಗಳ ಜೊತೆ ಒಂದು ಬ್ರಿಟಿಷ್ ಬೆಟಾಲಿಯನ್ ಇರುತ್ತಿತ್ತು. 1857ರ ನಂತರ ಬೇರೂರಿದ ಅಪನಂಬಿಕೆಯ ಲೆಕ್ಕ ಅದು. ಪಟ ನೋಡಿದವರಿಗೆ ಕಾಣುವುದು ಮಾತ್ರ ಸ್ನೇಹ. ಅದೇ ಕಾಲದಲ್ಲಿ ಸಿಪಾಯಿಗಳು ಊರಿಗೆ ಬರೆದ ಕಾಗದಗಳ ದನಿ ಬೇರೆ. ಸೆನ್ಸಾರ್ ಕಣ್ಣು ತಪ್ಪಿಸಲು ಭಾರತೀಯರನ್ನು ಕಾಳುಮೆಣಸು, ಬಿಳಿಯರನ್ನು ಕೆಂಪು ಮೆಣಸಿನಕಾಯಿ ಎಂದು ಬರೆಯುತ್ತಿದ್ದರು. ಕಾಳುಮೆಣಸು ಮುಗಿಯುತ್ತ ಬಂತು ಎಂದರೆ ಯಾರು ಸಾಯುತ್ತಿದ್ದಾರೆಂದು ಮನೆಯವರಿಗೆ ಗೊತ್ತಾಗುತ್ತಿತ್ತು. ಸೆನ್ಸಾರಿಗೂ ಗೊತ್ತಾಯಿತೆನ್ನಿ.

‘ಡೋಗ್ರರು’: ಜಮ್ಮು, ಕಾಂಗ್ರಾ ಕಡೆಯ ಗುಡ್ಡಗಾಡಿನವರು. ಹೆಸರಿಲ್ಲ, ರೆಜಿಮೆಂಟಿನ ಸಂಖ್ಯೆಯೂ ಇಲ್ಲ, ಕುಲ ಹೇಳಿದರೆ ಸಾಕಾಯಿತು. ಡೋಗ್ರ, ಗೂರ್ಖಾ, ಸಿಖ್, ಪಠಾಣ್ ಎಂದು ‘ವೀರ ಜನಾಂಗ’ಗಳ ಪಟ್ಟಿ ಮಾಡಿಕೊಂಡು ಸೈನ್ಯ ಕಟ್ಟಿದವರು ಪಟಗಳಿಗೂ ಅದೇ ಪಟ್ಟಿಯಿಂದ ಹೆಸರಿಟ್ಟರು. ಆ ಪಟ್ಟಿಯಲ್ಲಿ ನಮ್ಮ ಕಡೆಯವರಿಗೆ ಜಾಗ ಕಡಿಮೆ. ಕನ್ನಡ ನಾಡಿನ ಕುದುರೆ ಸವಾರರನ್ನು ಹುಡುಕುವವರು ಫ್ರಾನ್ಸ್ ಬಿಟ್ಟು ಈಜಿಪ್ಟ್, ಪ್ಯಾಲೆಸ್ಟೈನಿನ ಕಡೆ ನೋಡಬೇಕು; ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರಲ್ಲಿದ್ದರು.

‘ನಾಯಿಯೊಡನೆ’: ಇದು ಲಂಡನ್ನಿನ ದಿವಾನಖಾನೆಗೆಂದೇ ಸೇರಿಸಿದ ಮಾತು ಅನ್ನಿಸುತ್ತದೆ. ನಾಯಿಯಿದ್ದ ಮೇಲೆ ಅಲ್ಲಿ ಅಂಥ ಭಯವೇನಿಲ್ಲ ಎಂದು ನೋಡುವವರಿಗೆ ನೆಮ್ಮದಿ.

‘ಗರ್ಡ್‌ವುಡ್’: ಕೆನಡಾ ಮೂಲದವನು, ಯುದ್ಧಕ್ಕೆ ಮುಂಚೆ ಭಾರತದಲ್ಲಿ ಕ್ಯಾಮೆರಾ ಹಿಡಿದು ಓಡಾಡಿದವನು. ಒಂದೇ ನೋಟದ ಎರಡು ಪಟಗಳನ್ನು ಅಕ್ಕಪಕ್ಕ ಅಂಟಿಸಿದ ಸ್ಟೀರಿಯೋ ಕಾರ್ಡ್ ಮಾರುವುದು ಅವನ ದಂಧೆ. ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಸಿಪಾಯಿ ಎದುರಿಗೇ ನಿಂತಂತೆ. ಗೂರ್ಖರು ಕಂದಕಕ್ಕೆ ನುಗ್ಗುವ ಅವನ ಪ್ರಸಿದ್ಧ ಚಿತ್ರ ಹಿಂದಿನ ಸಾಲಿನಲ್ಲಿ ಆಡಿಸಿ ತೆಗೆದದ್ದು. ಹಾಗೆಂದು ಎಲ್ಲವೂ ನಾಟಕ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ‘ಹೀಗೆ ನಿಲ್ಲು’ ಎಂದು ಅವನೇ ಹೇಳಿರಲಿ, ನಿಂತ ಮನುಷ್ಯ ನಿಜ, ಅವನ ಹಿಂದಿನ ಚೀಲಗಳೂ ನಿಜ.

‘1915ರ ಆಗಸ್ಟ್’: ಮರುತಿಂಗಳೇ, ಸೆಪ್ಟೆಂಬರ್ 25ರಂದು, ಲೂಸ್ ಕದನದ ಅಂಗವಾಗಿ ಇಂಡಿಯನ್ ಕೋರ್‌ನ ಮೀರತ್ ಡಿವಿಜನ್ ಇದೇ ಸೀಮೆಯಿಂದ ದಾಳಿಗೆ ಹೊರಟು ಅಪಾರ ಸಾವುನೋವು ಕಂಡಿತು. ವರ್ಷದ ಕೊನೆಗೆ ಭಾರತೀಯ ಪದಾತಿ ದಳಗಳನ್ನು ಫ್ರಾನ್ಸಿನಿಂದ ತೆಗೆದು, ಹೆಚ್ಚಿನವನ್ನು ಮೆಸೊಪೊಟೇಮಿಯಾಕ್ಕೆ ಕಳಿಸಿದರು. ಅಲ್ಲಿ 1916ರ ಜನವರಿ 21ರಂದು 41ನೇ ಡೋಗ್ರಾ ಪಡೆಯ ಲ್ಯಾನ್ಸ್ ನಾಯಕ್ ಲಾಲಾ, ಗಾಯಗೊಂಡು ಬಿದ್ದಿದ್ದ ಬ್ರಿಟಿಷ್ ಅಧಿಕಾರಿಯೊಬ್ಬನನ್ನು ಮರೆಗೆಳೆದು, ಬಯಲಲ್ಲಿ ಬಿದ್ದಿದ್ದ ಇನ್ನೊಬ್ಬ ಅಧಿಕಾರಿಗೆ ತನ್ನ ಬಟ್ಟೆ ಬಿಚ್ಚಿ ಹೊದಿಸಿ ಕಾದ. ಕತ್ತಲಾದ ಮೇಲೆ ಇಬ್ಬರನ್ನೂ ಹೊತ್ತು ತಂದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು.