ಭದ್ರವಾದ ದಾಖಲೆಯೆಲ್ಲ ಸರಿಯಾದ ದಾಖಲೆಯೇ? ‘ಭೂಮಿ’ ಯೋಜನೆ: ಒಂದು ವಿಮರ್ಶೆ

ನಿಮ್ಮ ಮನೆತನಕ್ಕೆ ಜಮೀನಿದ್ದರೆ ಪಹಣಿ ಎಂಬ ಕಾಗದವನ್ನು ನೀವು ನೋಡಿಯೇ ಇರುತ್ತೀರಿ. ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳಲ್ಲಿ, ಮುಂಡಗೋಡ ತಾಲ್ಲೂಕಿನ ಮಳಗಿಯಂಥ ಕಡೆ, ಇದಕ್ಕೆ ‘ಉತಾರ’ ಎಂಬ ಹೆಸರೂ ಇದೆ. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದುದರ ಗುರುತು ಅದು. ಬೆಳೆಸಾಲ, ವಿಮೆ, ಪರಿಹಾರ, ಮಾರಾಟ, ಪಾಲು, ಇವುಗಳಲ್ಲಿ ಯಾವುದಾಗಬೇಕಾದರೂ ಈ ಒಂದು ಹಾಳೆ ಬೇಕು. ಕರ್ನಾಟಕದಲ್ಲಿ ಮಾಹಿತಿ ತಂತ್ರಜ್ಞಾನವು ಹಳ್ಳಿಯವರ ಬದುಕನ್ನು ಮೊದಲು ಮುಟ್ಟಿದ್ದು ಈ ಹಾಳೆಯ ಮೂಲಕವೇ ಎಂದರೆ ತಪ್ಪಾಗಲಾರದು. ಆದ್ದರಿಂದ ಇ-ಆಡಳಿತದ ಗುಣದೋಷಗಳನ್ನು ತೂಗಿ ನೋಡಲು ‘ಭೂಮಿ’ ಯೋಜನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಧನೆ ಏನು?

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2000ದ ಸುಮಾರಿಗೆ ಆರಂಭವಾದ ಈ ಯೋಜನೆಯಲ್ಲಿ, ಆಗಿದ್ದ 176 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಅದಕ್ಕೆ ಮುಂಚೆ ಈ ದಾಖಲೆಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ನಕಲಿಗೆ ನಿಗದಿಯಾಗಿದ್ದ ಶುಲ್ಕ 2 ರೂಪಾಯಿ. ಆದರೆ ಅಷ್ಟಕ್ಕೇ ನಕಲು ಸಿಕ್ಕವರು ಅದೃಷ್ಟವಂತರು! ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟು ಕೆಲವೇ ನಿಮಿಷಗಳಲ್ಲಿ ಪಹಣಿ ಪಡೆಯುವಂತಾಯಿತು. ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗಿತ್ತು ಎಂದವರು ಶೇ. 66, ಗಣಕೀಕೃತ ಕೇಂದ್ರದಲ್ಲಿ ಹಾಗೆಂದವರು ಕೇವಲ ಶೇ. 3.

ವಿನ್ಯಾಸದಲ್ಲೂ ಜಾಣತನವಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟ ಮೇಲೆಯೇ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. ಯಾವ ತಿದ್ದುಪಡಿಯನ್ನು ಯಾರು ಮಾಡಿದರು ಎಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು. ಅರ್ಜಿದಾರರ ಕಡೆಗೆ ಮುಖಮಾಡಿದ ಎರಡನೆಯ ಪರದೆಯೂ ಇತ್ತು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ದಾಖಲೆಯನ್ನು ಗುಟ್ಟಾಗಿ ತಿದ್ದುವ ದಾರಿಗಳು ಹೀಗೆ ಬಹುಮಟ್ಟಿಗೆ ಮುಚ್ಚಿದವು.

ಭದ್ರತೆ ಬೇರೆ, ನಿಖರತೆ ಬೇರೆ

ಇಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುವುದು. ದತ್ತಾಂಶ ವಿಜ್ಞಾನದಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ. ಸೇರಿಸಿದ ಮಾಹಿತಿ ಅನಧಿಕೃತವಾಗಿ ಬದಲಾಗದಂತೆ ಉಳಿಯುವುದು ಭದ್ರತೆ. ಆ ಮಾಹಿತಿ ಹೊರಗಿನ ವಾಸ್ತವಕ್ಕೆ ಹೊಂದುವುದು ನಿಖರತೆ. ಮೊದಲನೆಯದನ್ನು ತಂತ್ರಾಂಶ ಕೊಡಬಲ್ಲದು. ಎರಡನೆಯದನ್ನು ತಾನಾಗಿಯೇ ಕೊಡಲಾರದು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಪಹಣಿಯ 3ನೇ ಕಾಲಮ್ಮಿನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ. 9ನೇ ಕಾಲಮ್ಮಿನಲ್ಲಿ ಮೂವರು ಸ್ವಾಧೀನದಾರರು: 1 ಎಕರೆ 5 ಗುಂಟೆ, 35 ಗುಂಟೆ 8 ಆಣೆ, ಮತ್ತು 10 ಗುಂಟೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಕೂಡಿಸಿದರೆ 2 ಎಕರೆ 10 ಗುಂಟೆ 8 ಆಣೆ. ಅರ್ಧ ಗುಂಟೆ, ಅಂದರೆ ಸುಮಾರು 544 ಚದರ ಅಡಿ, ಎಲ್ಲಿಂದಲೋ ಹೆಚ್ಚಾಗಿ ಬಂದಿದೆ! ಗಣಕಯಂತ್ರ ಈ ವ್ಯತ್ಯಾಸವನ್ನು ಕ್ಷಣದಲ್ಲಿ ಹಿಡಿದುಕೊಡುತ್ತದೆ. ಆದರೆ ಮೂವರಲ್ಲಿ ಯಾರ ಅಂಕಿ ತಪ್ಪು, ಅಥವಾ ಒಟ್ಟು ವಿಸ್ತೀರ್ಣವೇ ತಪ್ಪೇ, ಎಂಬುದನ್ನು ಹೇಳಲಾರದು. ಅದಕ್ಕೆ ಅಳತೆಗಾರರು ಸರಪಳಿ ಹಿಡಿದು ಹೊಲಕ್ಕೇ ಹೋಗಬೇಕು. ಇನ್ನೂ ಒಂದು ಅಪಾಯವಿದೆ: ಮೊತ್ತ ಸರಿಹೊಂದಿ, ಒಳಗಿನ ಅಂಕಿಗಳೆಲ್ಲ ತಪ್ಪಾಗಿದ್ದರೆ ಯಂತ್ರಕ್ಕೆ ಅನುಮಾನವೇ ಬರುವುದಿಲ್ಲ.

ಇದು ಬರಿಯ ಪಾಠದ ಲೆಕ್ಕವಲ್ಲ. 3 ಮತ್ತು 9ನೇ ಕಾಲಮ್ಮಿನ ವ್ಯತ್ಯಾಸವು ನಮ್ಮ ಕಂದಾಯ ಇಲಾಖೆಯಲ್ಲಿ ಚಿರಪರಿಚಿತ ಸಮಸ್ಯೆ. ಹೆಸರಿನ ಕಾಗುಣಿತ, ಬಿಟ್ಟುಹೋದ ಪಾಲುದಾರರು, ಭೂಮಾಪನ ಇಲಾಖೆಯ ಆಕಾರಬಂದ್‌ಗೆ ಹೊಂದದ ವಿಸ್ತೀರ್ಣ, ಹೀಗೆ ಪಟ್ಟಿ ಬೆಳೆಯುತ್ತದೆ. ಇಂಥವನ್ನು ತಿದ್ದಲೆಂದೇ 2010ರ ದಶಕದಲ್ಲಿ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ತಪ್ಪುಗಳಲ್ಲಿ ಕೆಲವು ನಮೂದಿಸುವಾಗ ನುಸುಳಿದವು. ಹಲವು ಹಳೆಯ ಪುಸ್ತಕದಲ್ಲೇ ಇದ್ದವು. ಗಣಕೀಕರಣ ಅವುಗಳಿಗೂ ಅಷ್ಟೇ ಭದ್ರವಾದ ಬೀಗ ಹಾಕಿತು.

ಈ ಬೀಗಕ್ಕೆ ಕಾನೂನಿನ ಬಲವೂ ಇದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಕಲಮಿನ ಪ್ರಕಾರ, ಹಕ್ಕು ದಾಖಲೆಯ ನಮೂದು ತಪ್ಪೆಂದು ರುಜುವಾತಾಗುವವರೆಗೆ ಅದನ್ನು ಸರಿಯೆಂದೇ ಭಾವಿಸಬೇಕು. ಅಂದರೆ ತಪ್ಪು ಯಾರದೇ ಆಗಿರಲಿ, ರುಜುವಾತಿನ ಹೊರೆ ನಷ್ಟಕ್ಕೊಳಗಾದವರ ಮೇಲೆಯೇ. ಹಿಂದೆ ತಪ್ಪಾಗಿದ್ದರೆ ಊರಿನ ಲೆಕ್ಕಿಗರನ್ನು ಹುಡುಕಿ ಹೋಗಬಹುದಿತ್ತು. ತಾಲ್ಲೂಕಿನ ಗಣಕಯಂತ್ರದಲ್ಲಿ ಕುಳಿತ ತಪ್ಪನ್ನು ತಿದ್ದಿಸಲು ಅರ್ಜಿ, ದಾಖಲೆ, ಕೂಲಿ ಬಿಟ್ಟ ದಿನಗಳು, ಬಸ್ಸಿನ ಖರ್ಚು ಎಲ್ಲವೂ ಬೇಕು.

ಲಾಭ ಯಾರಿಗೆ?

2007ರಲ್ಲಿ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ನಡೆಸಿ ಕಟುವಾದ ವಿಮರ್ಶೆಯೊಂದನ್ನು ಮಂಡಿಸಿದರು. ದಾಖಲೆಗಳು ಒಂದೆಡೆ ಕೇಂದ್ರೀಕೃತವಾದಾಗ ಭ್ರಷ್ಟಾಚಾರ ಅಳಿಯಲಿಲ್ಲ, ಮೇಲಿನ ಹಂತಕ್ಕೆ ಸರಿಯಿತು. ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಮಾಹಿತಿ ಸುಲಭವಾಯಿತು ಎಂಬುದು ಅವರ ವಾದದ ಸಾರ. ನಗರದಂಚಿನ ಈ ತೀರ್ಮಾನವನ್ನು ಇಡೀ ರಾಜ್ಯಕ್ಕೆ ಅನ್ವಯಿಸುವುದು ಸರಿಯಲ್ಲ. ಮಳಗಿಯ ನೆಲಕ್ಕೂ ಬೆಂಗಳೂರಿನ ನೆಲಕ್ಕೂ ಬೆಲೆಯಲ್ಲಿ ಅಜಗಜಾಂತರ. ಆದರೆ ಅವರೆತ್ತಿದ ಪ್ರಶ್ನೆ ಎಲ್ಲೆಡೆಗೂ ಸಲ್ಲುತ್ತದೆ: ದಾಖಲೆ ಎಲ್ಲರಿಗೂ ತೆರೆದಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿ ಎಲ್ಲರಿಗೂ ಸಮನಾಗಿದೆಯೇ?

ದೂರದ ತೊಂದರೆಯನ್ನು ಸರ್ಕಾರ ಕ್ರಮೇಣ ಗುರುತಿಸಿತು. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು, 2012ರಲ್ಲಿ ಸೇವೆಗೆ ಕಾಲಮಿತಿ ಹಾಕಿದ ಸಕಾಲ, 2022ರಿಂದ ಗ್ರಾಮ ಒನ್ ಕೇಂದ್ರಗಳು ಬಂದವು. ಇವೆಲ್ಲ ಕಾಗದವನ್ನು ಹಳ್ಳಿಯ ಹತ್ತಿರ ತಂದವು. ಕಾಗದದಲ್ಲಿರುವುದನ್ನು ನೆಲದ ಹತ್ತಿರ ತರುವ ಕೆಲಸ ಮಾತ್ರ ನಿಧಾನವಾಗಿಯೇ ಸಾಗಿದೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ, ಎಂದೋ ತೀರಿಕೊಂಡವರ ಹೆಸರಿನಲ್ಲೇ ಉಳಿದ ಜಮೀನುಗಳು ದೊಡ್ಡ ಸಂಖ್ಯೆಯಲ್ಲಿ ಬೆಳಕಿಗೆ ಬಂದವು. 2025ರಲ್ಲಿ ವಾರಸುದಾರರ ಹೆಸರಿಗೆ ಖಾತೆ ಮಾಡಲು ಇ-ಪೌತಿ ಆಂದೋಲನ ಆರಂಭವಾಯಿತು. ಯೋಜನೆ ಶುರುವಾಗಿ ಕಾಲು ಶತಮಾನ ಕಳೆದ ಮೇಲೆ!

ಕಾಲಮ್ಮಿನಲ್ಲಿ ಇಲ್ಲದವರು

ಮುಂಡಗೋಡ, ಹಳಿಯಾಳ, ಜೊಯಿಡಾ ಕಡೆ ಇನ್ನೊಂದು ತೊಡಕಿದೆ. ಉತ್ತರ ಕನ್ನಡದ ಬಹುಭಾಗ ಅರಣ್ಯ. ಸಿದ್ದಿಯರು, ಗೌಳಿಗರು, ಬೇರೆ ಸಣ್ಣ ರೈತರು ತಲೆಮಾರುಗಳಿಂದ ಸಾಗುವಳಿ ಮಾಡುತ್ತಿದ್ದರೂ ಆ ನೆಲದ ದಾಖಲೆ ‘ಅರಣ್ಯ’ ಎಂದೇ ಹೇಳುತ್ತದೆ. ಗಣಕಯಂತ್ರದ ದೃಷ್ಟಿಯಲ್ಲಿ ಇಲ್ಲಿ ದೋಷವೇ ಇಲ್ಲ. ಕಾಲಮ್ಮು ತುಂಬಿದೆ, ಮೊತ್ತ ಸರಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬೇರೆ ದಾರಿ ಹಿಡಿಯಿತು. 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನವನ್ನು, ಪರಿಶಿಷ್ಟ ಪಂಗಡದವರಲ್ಲದಿದ್ದರೆ ಅದಕ್ಕೂ ಹಿಂದಿನ ಮೂರು ತಲೆಮಾರಿನ ವಾಸವನ್ನು, ತೋರಿಸಲು ಊರಿನ ಹಿರಿಯರ ಹೇಳಿಕೆಯೂ ಒಂದು ಸಾಕ್ಷ್ಯವಾಗಬಹುದು ಎಂದು ಅದರ ನಿಯಮಗಳು ಒಪ್ಪಿದವು. ಕ್ಲೇಮುಗಳನ್ನು ಮೊದಲು ಪರಿಶೀಲಿಸುವ ಅಧಿಕಾರ ಗ್ರಾಮಸಭೆಗೆ ಸಿಕ್ಕಿತು. ದಾಖಲೆಯಲ್ಲಿಲ್ಲದ ಸತ್ಯವೂ ಇರಬಹುದೆಂದು ಕಾನೂನೇ ಒಪ್ಪಿದಂತಾಯಿತು. ನಮ್ಮ ತಂತ್ರಾಂಶಗಳು ಇದನ್ನು ಇನ್ನೂ ಕಲಿಯಬೇಕಿದೆ.

ಅಳೆಯಬೇಕಾದದ್ದು ಯಾವುದನ್ನು?

ಯೋಜನೆಯೊಂದರ ಯಶಸ್ಸನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತೇವೋ ಅದು ಆ ಕಡೆಗೇ ಬೆಳೆಯುತ್ತದೆ. ಎಷ್ಟು ಪಹಣಿ ವಿತರಣೆಯಾಯಿತು, ಎಷ್ಟು ನಿಮಿಷ ಹಿಡಿಯಿತು ಎಂದಷ್ಟೇ ಎಣಿಸಿದರೆ ವೇಗ ಬರುತ್ತದೆ, ನಿಖರತೆ ಬರುವುದಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಎಷ್ಟು ತಿದ್ದುಪಡಿ ಅರ್ಜಿಗಳು ಬಂದವು, ಎಷ್ಟು ದಿನದಲ್ಲಿ ಇತ್ಯರ್ಥವಾದವು, ಎಷ್ಟು ತಿರಸ್ಕೃತವಾದವು ಎಂಬುದನ್ನು ಪಹಣಿಯಷ್ಟೇ ಸುಲಭವಾಗಿ ಸಿಗುವಂತೆ ಪ್ರಕಟಿಸಬೇಕು. ವರ್ಷಕ್ಕೊಮ್ಮೆ ಊರಿನ ಪಹಣಿಗಳನ್ನು ಗ್ರಾಮಸಭೆಯಲ್ಲಿ ಓದಿಹೇಳಬೇಕು. ಅಕ್ಷರ ಬಾರದವರಿಗೂ ತಮ್ಮ ಹೆಸರು ಕೇಳಿಸಬೇಕು. ನೆಲವನ್ನೂ ದಾಖಲೆಯನ್ನೂ ಬೆಸೆಯಲು ತಂತ್ರಜ್ಞಾನದಿಂದ ಸಾಧ್ಯವಿಲ್ಲವೆಂದಲ್ಲ. 2020ರಲ್ಲಿ ಬಂದ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುವಂತಾಯಿತು. ದಾಖಲೆ ಬರೆಯುವ ಕೈಗೆ ಹೊಲವೂ ಕಾಣುವಂತೆ ಮಾಡಿದ್ದು ಅದರ ಹೆಚ್ಚುಗಾರಿಕೆ.

ಶಿಕ್ಷಕ ಮಿತ್ರರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಮಕ್ಕಳು ಮನೆಯವರನ್ನು ಕೇಳಿ ತಮ್ಮದೇ ಪಹಣಿಯ ಪ್ರತಿ ತರಲಿ. ಎಕರೆ, ಗುಂಟೆ, ಆಣೆಗಳಲ್ಲಿ 9ನೇ ಕಾಲಮ್ಮನ್ನು ಕೂಡಿಸಿ 3ನೇ ಕಾಲಮ್ಮಿನೊಂದಿಗೆ ತಾಳೆ ನೋಡಲಿ. ಹೆಸರಿರುವವರು ಬದುಕಿದ್ದಾರೆಯೇ, ಅಕ್ಕತಂಗಿಯರ ಹೆಸರು ಇದೆಯೇ ಎಂದು ಮನೆಯಲ್ಲಿ ವಿಚಾರಿಸಲಿ. ಲೆಕ್ಕ ತಪ್ಪಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಬರೆಯುವುದನ್ನೂ ಕಲಿಸಿ. ಸರಿಯಿದ್ದರೂ ಶ್ರಮ ವ್ಯರ್ಥವಲ್ಲ: ಮುದ್ರಿತವಾದದ್ದನ್ನು ನಂಬುವ ಮುನ್ನ ಪರಿಶೀಲಿಸುವುದೇ ವೈಜ್ಞಾನಿಕ ಮನೋಭಾವದ ಮೊದಲ ಪಾಠ.